ಪ್ರಸಾದ ನಿಲಯದ ಸಿಬ್ಬಂದಿಗೂ ಬೇಕು ಜೀವರಕ್ಷಣೆಯ ತರಬೇತಿ

ಜೂನ್ ತಿಂಗಳು ಕಾಲಿಟ್ಟಿತೆಂದರೆ ಭಾಲ್ಕಿ, ಔರಾದ, ಕಮಲನಗರದ ಕಡೆಯಿಂದ ಬರುವ ಬಸ್ಸುಗಳಲ್ಲಿ ಟ್ರಂಕು, ಹಾಸಿಗೆಯ ಸುರುಳಿ, ರೊಟ್ಟಿಯ ಗಂಟು ಹಿಡಿದ ತಂದೆತಾಯಿಗಳು ಬೀದರಕ್ಕೆ ಬಂದಿಳಿಯುತ್ತಾರೆ. ಚಿದ್ರಿಯ ಬಡಾವಣೆಯ ಬಾಡಿಗೆ ಕೋಣೆಯಿರಲಿ, ಸರ್ಕಾರಿ ವಿದ್ಯಾರ್ಥಿ ನಿಲಯವಿರಲಿ, ಮಠದ ಪ್ರಸಾದ ನಿಲಯವಿರಲಿ, ಮಗುವನ್ನು ಅಲ್ಲಿ ಬಿಟ್ಟು ಮರಳುವಾಗ ಅವರು ಆಡುವ ಮಾತು ಹೆಚ್ಚುಕಡಿಮೆ ಒಂದೇ: “ನೋಡ್ಕೋರಿ ಸರ, ಇನ್ನ ನಿಮ್ಮ ಮಗಾನೇ ಅಂತ ತಿಳ್ಕೋರಿ.” ಈ ಮಾತನ್ನು ನಿಲಯಪಾಲಕರಿಗೆ ಹೇಳುತ್ತಾರೆ, ಹೊರಡುವಾಗ ಗೇಟಿನ ಬಳಿ ನಿಂತ ಕಾವಲುಗಾರನಿಗೂ, ಅಡುಗೆಮನೆಯ ಅಕ್ಕನಿಗೂ ಹೇಳಿಯೇ ಹೋಗುತ್ತಾರೆ. ಆ ಮಾತಿನ ಭಾರ ಹೊರಲು ಇವರಿಗೆಲ್ಲ ನಾವು ಏನನ್ನು ಕಲಿಸಿಕೊಟ್ಟಿದ್ದೇವೆ? ಬೆಂಕಿ ಬಿದ್ದರೆ ಏನು ಮಾಡಬೇಕೆಂದು ಹೇಳಿದ್ದೇವೆ, ಹಾವು ಕಂಡರೆ ಯಾರನ್ನು ಕರೆಯಬೇಕೆಂದು ಹೇಳಿದ್ದೇವೆ. ಒಂದು ಮಗು ಬದುಕೇ ಬೇಡವೆಂದು ಒಳಗೊಳಗೆ ನಿರ್ಧರಿಸುತ್ತಿದ್ದರೆ ಅದನ್ನು ಗುರುತಿಸುವುದು ಹೇಗೆಂದು ಹೇಳಿಲ್ಲ.

ಈಗ ಅದನ್ನು ಹೇಳಿಕೊಡುವುದು ಕಾನೂನಿನ ಕರ್ತವ್ಯವೂ ಆಗಿದೆ. ವಿಶಾಖಪಟ್ಟಣದ ನಿಲಯವೊಂದರಲ್ಲಿದ್ದು ನೀಟ್ ಪರೀಕ್ಷೆಗೆ ಸಿದ್ಧತೆ ನಡೆಸುತ್ತಿದ್ದ 17 ವರ್ಷದ ವಿದ್ಯಾರ್ಥಿನಿಯೊಬ್ಬಳು 2023ರಲ್ಲಿ ಸಾವಿಗೀಡಾದಳು. ಆಕೆಯ ತಂದೆ ನ್ಯಾಯಾಲಯದ ಮೆಟ್ಟಿಲೇರಿದರು. ಆ ಪ್ರಕರಣದಲ್ಲಿ 2025ರ ಜುಲೈ 25ರಂದು ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿ ವಿಕ್ರಮ್ ನಾಥ್ ಹಾಗೂ ನ್ಯಾಯಮೂರ್ತಿ ಸಂದೀಪ್ ಮೆಹ್ತಾ ಅವರ ಪೀಠವು ದೇಶದ ಎಲ್ಲ ಶಾಲೆ, ಕಾಲೇಜು, ತರಬೇತಿ ಕೇಂದ್ರ ಮತ್ತು ವಿದ್ಯಾರ್ಥಿ ನಿಲಯಗಳಿಗೆ ಅನ್ವಯಿಸುವ 15 ಮಾರ್ಗಸೂಚಿಗಳನ್ನು ನೀಡಿತು. ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಅರ್ಹ ಆಪ್ತಸಮಾಲೋಚಕರೊಬ್ಬರಾದರೂ ಇರಬೇಕು. ಅಂಕಗಳ ಆಧಾರದ ಮೇಲೆ ಮಕ್ಕಳನ್ನು ಬೇರೆ ಬೇರೆ ತಂಡಗಳಾಗಿ ವಿಂಗಡಿಸಬಾರದು, ಎಲ್ಲರೆದುರು ಅವಮಾನಿಸಬಾರದು. ವಸತಿ ಕೊಠಡಿ, ತಾರಸಿ, ಬಾಲ್ಕನಿಗಳನ್ನು ಅಪಾಯರಹಿತವಾಗಿಸಬೇಕು. ಸಹಾಯವಾಣಿಯ ಸಂಖ್ಯೆಯನ್ನು ನಿಲಯದ ಗೋಡೆಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬರೆಸಬೇಕು. ನಮ್ಮ ವಿಷಯಕ್ಕೆ ಸಂಬಂಧಿಸಿದ ಮಾರ್ಗಸೂಚಿ ಇದು: ಬೋಧಕರಷ್ಟೇ ಅಲ್ಲದೆ ಬೋಧಕೇತರ ಸಿಬ್ಬಂದಿಯೂ ಸೇರಿ ಎಲ್ಲರಿಗೂ ವರ್ಷಕ್ಕೆ ಕನಿಷ್ಠ ಎರಡು ಬಾರಿ ಮಾನಸಿಕ ಪ್ರಥಮ ಚಿಕಿತ್ಸೆ, ಅಪಾಯದ ಮುನ್ಸೂಚನೆಗಳನ್ನು ಗುರುತಿಸುವಿಕೆ, ತಜ್ಞರಲ್ಲಿಗೆ ಕಳುಹಿಸುವ ಕ್ರಮ ಇವುಗಳ ತರಬೇತಿ ಆಗಬೇಕು.

‘ಬೋಧಕೇತರ’ ಎಂಬ ಪದ ಕಡತದ ಪದ. ಆದರೆ ನಿಲಯವನ್ನು ಕಂಡವರಿಗೆ ಅದರ ಹಿಂದಿನ ಮುಖಗಳು ಗೊತ್ತು. ಉಪನ್ಯಾಸಕರು ವಿದ್ಯಾರ್ಥಿಯನ್ನು ಕಾಣುವುದು ದಿನಕ್ಕೆ ಐದಾರು ಗಂಟೆ, ಅದೂ ನೂರು ಜನರ ನಡುವೆ. ಉಳಿದ ಹದಿನೆಂಟು ಗಂಟೆ ಆ ಮಗು ಇರುವುದು ನಿಲಯಪಾಲಕರು, ಅಡುಗೆಯವರು, ಅಡುಗೆ ಸಹಾಯಕರು, ಕಸ ಗುಡಿಸುವವರು, ರಾತ್ರಿ ಕಾವಲುಗಾರರ ಕಣ್ಣೆದುರು. ಯಾರು ಯಾವ ಪಂಕ್ತಿಯಲ್ಲಿ ಕೂಡುತ್ತಾರೆ, ಯಾರು ಎರಡನೆಯ ರೊಟ್ಟಿ ಕೇಳುತ್ತಾರೆ, ಯಾರ ಕೋಣೆಯ ದೀಪ ರಾತ್ರಿ ಮೂರಕ್ಕೂ ಉರಿಯುತ್ತಿರುತ್ತದೆ, ಎಲ್ಲವೂ ಇವರಿಗೆ ಬಾಯಿಪಾಠ. ಶರಣರು ಕಾಯಕದಲ್ಲಿ ಮೇಲು ಕೀಳು ಕಾಣಲಿಲ್ಲವೆಂದು ನಾವು ವೇದಿಕೆಯ ಮೇಲೆ ಹೇಳುತ್ತ ಬಂದಿದ್ದೇವೆ. ಆದರೆ ನಿಲಯದ ಮಕ್ಕಳ ಕ್ಷೇಮದ ಸಭೆಗೆ ಅಡುಗೆಯ ಅಕ್ಕನನ್ನು ಕರೆದು ಕುರ್ಚಿ ಹಾಕಿಸಿ ‘ನಿನಗೇನು ಕಂಡಿತು’ ಎಂದು ಕೇಳಿದ ಸಂಸ್ಥೆಗಳು ವಿರಳ.

ಸಮಸ್ಯೆಯ ಗಾತ್ರವನ್ನು ಒಂದೇ ಅಂಕಿಯಲ್ಲಿ ಹೇಳುವುದಾದರೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿಯಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಮೃತಪಟ್ಟ 1,70,924 ಜನರಲ್ಲಿ 13,044 ಮಂದಿ ವಿದ್ಯಾರ್ಥಿಗಳು. ದಿನವೊಂದಕ್ಕೆ ಮೂವತ್ತೈದಕ್ಕೂ ಹೆಚ್ಚು. ಅದೇ ವರ್ಷದ ನವೆಂಬರಿನಲ್ಲಿ ಕೇಂದ್ರ ಸರ್ಕಾರವು ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯನೀತಿಯನ್ನು ಪ್ರಕಟಿಸಿ, 2030ರೊಳಗೆ ಈ ಸಾವುಗಳನ್ನು ಶೇಕಡಾ 10ರಷ್ಟು ತಗ್ಗಿಸುವ ಗುರಿ ಇಟ್ಟುಕೊಂಡಿತು.

ಕಣ್ಣಿಗೆ ಬೀಳುವ ಕುರುಹುಗಳು

ಇಂಥ ತರಬೇತಿ ಪಡೆದವರನ್ನು ಮನೋವೈದ್ಯಕೀಯದಲ್ಲಿ ‘ಗೇಟ್‌ಕೀಪರ್’ ಎಂದು ಕರೆಯುತ್ತಾರೆ. ಕನ್ನಡದಲ್ಲಿ ದ್ವಾರಪಾಲಕ ಎಂದರೆ ಗದೆ ಹಿಡಿದು ಅಡ್ಡ ನಿಂತವನ ಚಿತ್ರ ಮನಸ್ಸಿಗೆ ಬರುತ್ತದೆ. ಇಲ್ಲಿನ ಕೆಲಸ ಅದಕ್ಕೆ ವಿರುದ್ಧವಾದುದು. ಇವರು ಚಿಕಿತ್ಸೆ ಕೊಡುವವರಲ್ಲ. ಗುರುತಿಸುವುದು, ಕೇಳುವುದು, ಒಬ್ಬಂಟಿಯಾಗಿ ಬಿಡದಿರುವುದು, ತಿಳಿದವರ ಕೈಗೆ ಮುಟ್ಟಿಸುವುದು ಇಷ್ಟೇ ಇವರ ಪಾಲಿನ ಕಾಯಕ. ಅಕ್ಷರ ಬಾರದವರೂ ಇದನ್ನು ಕಲಿಯಬಲ್ಲರು. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ಇಂಥ ತರಬೇತಿಯನ್ನು ನೀಡುತ್ತ ಬಂದಿದೆ. ಸಾಮಾನ್ಯ ಕಾರ್ಯಕರ್ತರಿಗೆ ಮಾನಸಿಕ ಆರೋಗ್ಯದ ಪಾಠ ಹೇಳುವುದು ನಮ್ಮ ನಾಡಿಗೆ ಹೊಸತೂ ಅಲ್ಲ. 1980ರ ದಶಕದಲ್ಲಿ ಅದೇ ಸಂಸ್ಥೆ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ಮನೋರೋಗಗಳನ್ನು ಗುರುತಿಸಲು ಕಲಿಸಿತು. ‘ಬಳ್ಳಾರಿ ಮಾದರಿ’ ಎಂದು ಹೆಸರಾದ ಆ ಪ್ರಯೋಗವೇ 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ತಳಹದಿಯಾಯಿತು.

ಹಾಗಾದರೆ ನಿಲಯದಲ್ಲಿ ಏನನ್ನು ಗಮನಿಸಬೇಕು? ಪುಸ್ತಕಗಳಲ್ಲಿ ಬರೆದಿರುವ ಲಕ್ಷಣಗಳು ನಮ್ಮ ಪ್ರಸಾದ ನಿಲಯದಲ್ಲಿ ಯಾವ ರೂಪದಲ್ಲಿ ಕಾಣುತ್ತವೆಂದು ಯೋಚಿಸಬೇಕು. ಭಾನುವಾರದ ಹುಗ್ಗಿಗಾಗಿ ಕಾಯುತ್ತಿದ್ದ ಹುಡುಗ ಎರಡು ವಾರದಿಂದ ಪಂಕ್ತಿಗೆ ಬಂದಿಲ್ಲ. ಪ್ರತಿ ಸಂಜೆ ಅವ್ವನಿಗೆ ಫೋನು ಮಾಡುತ್ತಿದ್ದ ಹುಡುಗಿ ಈಗ ಮನೆಯಿಂದ ಬಂದ ಕರೆಯನ್ನೂ ಎತ್ತುವುದಿಲ್ಲ. ಸ್ನಾನ, ಬಟ್ಟೆ ಒಗೆತ ನಿಂತಿದೆ. ನಿದ್ರೆ ತೀರ ಕಡಿಮೆಯಾಗಿದೆ, ಇಲ್ಲವೇ ಹಗಲೆಲ್ಲ ಹಾಸಿಗೆಯೇ ಆಗಿದೆ. ‘ನನ್ನಿಂದ ಮನೆಯವರಿಗೆ ಬರೀ ಖರ್ಚು’, ‘ನಾ ಇಲ್ಲದಿದ್ರ ಎಲ್ಲಾರೂ ಆರಾಮ ಇರ್ತಾರ’ ಎಂಬಂಥ ಮಾತು ನಗೆಯೊಳಗೆ ಸೇರಿ ಬರುತ್ತದೆ. ಇವುಗಳಿಗಿಂತ ತುರ್ತಾದ ಕುರುಹುಗಳೂ ಇವೆ: ಇದ್ದಕ್ಕಿದ್ದಂತೆ ಟ್ರಂಕಿನ ಬೀಗದ ಕೈಯನ್ನು ಗೆಳೆಯನಿಗೆ ಕೊಡುವುದು, ಇಷ್ಟದ ವಸ್ತುಗಳನ್ನು ಹಂಚಿಬಿಡುವುದು, ಸಣ್ಣಪುಟ್ಟ ಸಾಲವನ್ನೆಲ್ಲ ತೀರಿಸಿ ಎಲ್ಲರ ಬಳಿ ಕ್ಷಮೆ ಕೇಳುವುದು, ಬಹುದಿನಗಳ ದುಃಖದ ಬಳಿಕ ಕಾರಣವಿಲ್ಲದೆ ತೀರ ಶಾಂತವಾಗಿಬಿಡುವುದು. ಈ ಕೊನೆಯದನ್ನು ಕಂಡು ‘ಸದ್ಯ, ಹುಡುಗ ಸುಧಾರಿಸಿದ’ ಎಂದು ನಿಟ್ಟುಸಿರು ಬಿಡುವವರೇ ಹೆಚ್ಚು. ಆಗಲೇ ಹತ್ತಿರ ಹೋಗಿ ಮಾತನಾಡಿಸಬೇಕು.

ಮಠದ ನಿಲಯಗಳಿಗೆ ವಿಶೇಷವಾದ ಒಂದು ಕುರುಹನ್ನೂ ಹೇಳಬೇಕು. ಮುಂಜಾನೆಯ ಇಷ್ಟಲಿಂಗ ಪೂಜೆಗೋ ಸಂಜೆಯ ಸಾಮೂಹಿಕ ಪ್ರಾರ್ಥನೆಗೋ ಬರುತ್ತಿದ್ದ ವಿದ್ಯಾರ್ಥಿ ಬಾರದಾದಾಗ ನಮ್ಮಲ್ಲಿ ವಾಡಿಕೆಯಾಗಿ ನಡೆಯುವುದು ದಂಡನೆ. ಹೆಸರು ಬರೆದು, ಎಲ್ಲರ ಮುಂದೆ ನಿಲ್ಲಿಸಿ ಬೈಯುತ್ತೇವೆ. ಶಿಸ್ತು ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ನಿಯಮ ಮುರಿಯದ ಮಗು ಒಮ್ಮೆಲೇ ಮುರಿಯತೊಡಗಿದರೆ ಅದು ಸೊಕ್ಕಲ್ಲ, ಸೋಲು ಇರಬಹುದು. ಗೈರುಹಾಜರಿಯ ಪಟ್ಟಿಯನ್ನು ಶಿಕ್ಷೆಯ ಪಟ್ಟಿಯಾಗಿ ಓದುವ ಬದಲು ಯಾರನ್ನು ಇಂದು ಕರೆದು ಕೂರಿಸಿ ಮಾತನಾಡಿಸಬೇಕೆಂಬ ಪಟ್ಟಿಯಾಗಿ ಓದಿದರೆ ಅದೇ ಪುಸ್ತಕ ಔಷಧದ ಕೆಲಸ ಮಾಡುತ್ತದೆ.

ಕೇಳುವ ಬಗೆ

ತರಬೇತಿಯಲ್ಲಿ ಅತ್ಯಂತ ಕಠಿಣವಾದ ಪಾಠವೆಂದರೆ ನೇರವಾಗಿ ಕೇಳುವುದು. ‘ಸಾಯಬೇಕೆನ್ನಿಸುತ್ತಿದೆಯೇ’ ಎಂದು ಮಗುವನ್ನು ಕೇಳಲು ಎಂಥವರಿಗೂ ನಾಲಿಗೆ ತಡವರಿಸುತ್ತದೆ. ಕೇಳಿದರೆ ಇಲ್ಲದ ಆಲೋಚನೆಯನ್ನು ನಾವೇ ತಲೆಯಲ್ಲಿ ಹಾಕಿದಂತಾಗುತ್ತದೆಂಬ ಭಯ ಬಹಳ ಹಳೆಯದು. ಈ ಭಯವನ್ನು ಪರೀಕ್ಷಿಸಿ ನೋಡಿದ್ದಾರೆ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಅರ್ಧದಷ್ಟು ಜನರಿಗೆ ಆತ್ಮಹತ್ಯೆಯ ಬಗ್ಗೆ ನೇರ ಪ್ರಶ್ನೆಗಳನ್ನು ಕೇಳಿ, ಉಳಿದವರಿಗೆ ಕೇಳದೆ ಹೋಲಿಸಿದ ಅಧ್ಯಯನ 2005ರಲ್ಲಿ ಪ್ರಕಟವಾಯಿತು. ಪ್ರಶ್ನೆ ಕೇಳಿಸಿಕೊಂಡವರಲ್ಲಿ ಸಂಕಟವಾಗಲಿ ಸಾಯುವ ಆಲೋಚನೆಯಾಗಲಿ ಹೆಚ್ಚಲಿಲ್ಲ. ಮೊದಲೇ ನೊಂದಿದ್ದವರಲ್ಲಿ ಸಂಕಟ ಕೊಂಚ ಇಳಿದಂತೆಯೇ ಕಂಡಿತು.

ಕೇಳುವ ಮಾತು ಗ್ರಾಂಥಿಕವಾಗಿದ್ದರೆ ನಡೆಯದು. ನಮ್ಮ ಭಾಗದ ಅಡುಗೆಯ ಅಕ್ಕ ತಾಟು ತೊಳೆಯುತ್ತ ಕೇಳಬಹುದಾದ ರೀತಿ ಹೀಗಿದ್ದೀತು: “ಯಾಕ ತಮ್ಮಾ, ಎಂಟು ದಿನದಿಂದ ಉಂಡಿಲ್ಲ ನೀನು. ಮನಸಿನ್ಯಾಗ ಏನರ ತ್ರಾಸ ಅದ ಏನು?” ಹುಡುಗ ಮಾತಿಗೆ ಬಂದ ಮೇಲೆ, ಅವಸರ ಮಾಡದೆ: “ಇಷ್ಟ ತ್ರಾಸ ಆದಾಗ ಕೆಲವರಿಗಿ ಜೀವಾನೇ ಬ್ಯಾಡ ಅನಸ್ತದ. ನಿನಗೂ ಹಂಗ ಅನಸ್ತದೇನು?” ಬೀದರ ಜಿಲ್ಲೆಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಔರಾದ, ಕಮಲನಗರದ ಎಷ್ಟೋ ಮಕ್ಕಳಿಗೆ ಮನೆಮಾತು ಮರಾಠಿ. ತಾಂಡಾಗಳಿಂದ ಬಂದವರಿಗೆ ಲಂಬಾಣಿ. ನಗರದ ಅನೇಕರಿಗೆ ದಖನಿ ಉರ್ದು. ಮನುಷ್ಯ ಅಳುವುದು ಮನೆಮಾತಿನಲ್ಲಿ. ಯಾವ ಸಿಬ್ಬಂದಿಗೆ ಯಾವ ಭಾಷೆ ಬರುತ್ತದೆಂಬ ತಿಳಿವಳಿಕೆ ನಿಲಯಪಾಲಕರಲ್ಲಿ ಇದ್ದರೆ ರಾತ್ರಿ ಹತ್ತಕ್ಕೆ ಯಾರನ್ನು ಆ ಕೋಣೆಗೆ ಕಳುಹಿಸಬೇಕೆಂದು ಯೋಚಿಸುತ್ತ ಕೂರಬೇಕಾಗುವುದಿಲ್ಲ.

ಕೇಳಿದ ಮೇಲೆ ಉತ್ತರವನ್ನು ಸಹಿಸಿಕೊಳ್ಳಬೇಕು. ಭಕ್ತರ ಮನೆಗಳಲ್ಲಿಯೂ ಮಠಗಳಲ್ಲಿಯೂ ನಮ್ಮ ಬಾಯಿಗೆ ಮೊದಲು ಬರುವುದು ‘ಆತ್ಮಹತ್ಯೆ ಮಹಾಪಾಪ’ ಎಂಬ ಮಾತು. ಸಭೆಯಲ್ಲಿ ಅದು ಉಪದೇಶವಾದೀತು. ಸಾಯಬೇಕೆನ್ನಿಸುತ್ತಿದೆ ಎಂದು ಈಗಷ್ಟೇ ನಾಲಿಗೆ ಬಿಚ್ಚಿದ ಮಗುವಿಗೆ ಹೇಳಿದರೆ ಅದು ಬಾಯಿಗೆ ಹಾಕಿದ ಬೀಗ. ಆ ಮಗು ಮೊದಲೇ ತಾನು ಕೆಟ್ಟವನೆಂದು ನಂಬಿದೆ. ಈಗ ಪಾಪಿಯೂ ಆಯಿತು. ಮುಂದೆ ಯಾರ ಬಳಿಯೂ ಅದು ಮಾತೆತ್ತುವುದಿಲ್ಲ. ‘ನಿನ್ನ ವಯಸ್ಸಿನಲ್ಲಿ ನಾವು ಎಷ್ಟು ಕಷ್ಟಪಟ್ಟೆವು ಗೊತ್ತೇ’ ಎಂಬ ಹೋಲಿಕೆ, ‘ಧೈರ್ಯ ಮಾಡು, ಎಲ್ಲ ಸರಿಹೋಗುತ್ತದೆ’ ಎಂಬ ಅವಸರದ ಸಮಾಧಾನ, ಯಂತ್ರ ಕಟ್ಟಿಸುವ ಸಲಹೆ, ಇವೂ ಅದೇ ಜಾತಿಯವು. ಪೂಜೆ, ಧ್ಯಾನ, ಗುರುಗಳ ಸಾನ್ನಿಧ್ಯ ನೊಂದ ಮನಸ್ಸಿಗೆ ಆಸರೆಯಾಗುವುದನ್ನು ನಾವು ಬಲ್ಲೆವು. ಅವು ಚಿಕಿತ್ಸೆಯ ಜೊತೆಗೆ ಇರಲಿ, ಚಿಕಿತ್ಸೆಯ ಬದಲಿಗೆ ಬೇಡ. ಮೊದಲ ಅರ್ಧ ಗಂಟೆಯಲ್ಲಿ ಬೇಕಾದದ್ದು ಕೇಳುವ ಕಿವಿ ಮಾತ್ರ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಅನುಭವ ಮಂಟಪ ನಡೆದದ್ದು ಇದೇ ನೆಲದಲ್ಲಿ. ಯಾವ ಕಾಯಕದವರೂ ಅಲ್ಲಿ ಕುಳಿತು ತಮ್ಮ ಅನುಭವವನ್ನು ಹೇಳಬಹುದಾಗಿತ್ತು, ಉಳಿದವರು ಆಲಿಸುತ್ತಿದ್ದರು.

ಮಗು ‘ಹೌದು’ ಎಂದಿತು. ಮುಂದೇನು? ಒಂದು ಕ್ಷಣವೂ ಒಬ್ಬಂಟಿಯಾಗಿ ಬಿಡಬಾರದು. ಜೊತೆಗೊಬ್ಬರು ಕೂತಿರಬೇಕು, ಇನ್ನೊಬ್ಬರು ನಿಲಯಪಾಲಕರಿಗೆ ತಿಳಿಸಬೇಕು. ‘ಯಾರಿಗೂ ಹೇಳುವುದಿಲ್ಲ’ ಎಂದು ಆಣೆ ಮಾಡಬಾರದು. ‘ಸಹಾಯ ಮಾಡುವವರಿಗೆ ಮಾತ್ರ ಹೇಳುತ್ತೇನೆ, ಓಣಿಗೆಲ್ಲ ಹೇಳುವುದಿಲ್ಲ’ ಎನ್ನುವುದೇ ಪ್ರಾಮಾಣಿಕ ಮಾತು. ಅಪಾಯ ತರುವ ವಸ್ತುಗಳು ಕೈಗೆ ಸಿಗದಂತೆ ಮಾಡಬೇಕು. ಹೀಗೆ ದೂರವಿಟ್ಟರೆ ಏನು ಪ್ರಯೋಜನ, ಮನಸ್ಸು ಮಾಡಿದವರು ಹೇಗಾದರೂ ಮಾಡಿಯೇ ತೀರುತ್ತಾರಲ್ಲವೇ ಎಂದು ಅನೇಕರು ಕೇಳುತ್ತಾರೆ. ಶ್ರೀಲಂಕಾದ ಅನುಭವ ಬೇರೆ ಹೇಳುತ್ತದೆ. 1990ರ ದಶಕದ ನಡುವೆ ಜಗತ್ತಿನಲ್ಲೇ ಅತಿ ಹೆಚ್ಚು ಆತ್ಮಹತ್ಯೆಯ ಪ್ರಮಾಣವಿದ್ದ ದೇಶಗಳಲ್ಲಿ ಅದೂ ಒಂದಾಗಿತ್ತು. ಅತ್ಯಂತ ವಿಷಕಾರಿಯಾದ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸುತ್ತ ಹೋದ ಮೇಲೆ ಎರಡು ದಶಕಗಳಲ್ಲಿ ಆ ಪ್ರಮಾಣ ಸುಮಾರು ಶೇಕಡಾ 70ರಷ್ಟು ಇಳಿಯಿತು. ಸಾಯುವ ತುಡಿತ ಅಲೆಯಂತೆ ಏರುತ್ತದೆ, ಇಳಿಯುತ್ತದೆ. ಏರಿದ ಗಳಿಗೆಯಲ್ಲಿ ಕೈಗೆ ಏನೂ ಸಿಗದಿದ್ದರೆ, ಪಕ್ಕದಲ್ಲಿ ಒಬ್ಬರಿದ್ದರೆ, ಜೀವ ಉಳಿಯುತ್ತದೆ.

ರಾತ್ರಿಯ ಹೊತ್ತು ಯಾರನ್ನು ಕೇಳುವುದು? 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ ಸಂಖ್ಯೆ 14416. ದಿನದ 24 ಗಂಟೆಯೂ ಉಚಿತ. ಕನ್ನಡವೂ ಸೇರಿ 20 ಭಾಷೆಗಳಲ್ಲಿ ಸೇವೆಯಿದೆ. ವಿದ್ಯಾರ್ಥಿಯೇ ಕರೆ ಮಾಡಬೇಕೆಂದಿಲ್ಲ. ಏನು ಮಾಡಲೆಂದು ತೋಚದ ಕಾವಲುಗಾರನೂ ಮಾಡಬಹುದು. ದೇಹಕ್ಕೆ ಅಪಾಯ ಆಗಿಬಿಟ್ಟಿದ್ದರೆ ತಡಮಾಡದೆ 108. ಬೀದರ ನಗರದವರಿಗೆ ಬ್ರಿಮ್ಸ್ ಬೋಧನಾ ಆಸ್ಪತ್ರೆ ಇದೆ. ಭಾಲ್ಕಿ, ಔರಾದದವರು ರಾಜ್ಯದ ಮನೋಚೈತನ್ಯ ಕಾರ್ಯಕ್ರಮವನ್ನು ನೆನಪಿಡಬೇಕು. ಮನೋವೈದ್ಯರ ಸೇವೆಯನ್ನು ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗೆ ತರಲೆಂದೇ ಅದನ್ನು ರೂಪಿಸಲಾಗಿದೆ. ಕಳುಹಿಸುವುದೆಂದರೆ ಚೀಟಿ ಬರೆದು ಕೊಡುವುದಲ್ಲ. ಮಗುವಿಗೆ ನಂಬಿಕೆಯಿರುವ ಒಬ್ಬರು ಜೊತೆಗೆ ಹೋಗಿ, ಸರದಿಯಲ್ಲಿ ಕೂತು, ವೈದ್ಯರ ಮಾತು ಕೇಳಿ, ಜೊತೆಯಲ್ಲೇ ಕರೆತರಬೇಕು.

ಆಡಳಿತ ಮಂಡಳಿಯ ಹೊಣೆ

ಇಷ್ಟನ್ನು ಸಿಬ್ಬಂದಿಗೆ ಕಲಿಸಿ ಕೈತೊಳೆದುಕೊಂಡರೆ ಸಾಕೇ? ಸಾಲದೆಂದು ಹೇಳುವ ಪುರಾವೆ ಇದೆ. ಯುರೋಪಿನ 10 ದೇಶಗಳ 168 ಶಾಲೆಗಳಲ್ಲಿ 11,110 ವಿದ್ಯಾರ್ಥಿಗಳನ್ನು ಒಳಗೊಂಡ ದೊಡ್ಡ ಪ್ರಯೋಗವೊಂದರ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಶಿಕ್ಷಕರಿಗೂ ಶಾಲಾ ಸಿಬ್ಬಂದಿಗೂ ಮಾತ್ರ ತರಬೇತಿ ಕೊಟ್ಟ ಶಾಲೆಗಳಲ್ಲಿ ವರ್ಷದ ಬಳಿಕ ಆತ್ಮಹತ್ಯೆಯ ಪ್ರಯತ್ನಗಳು ಹೇಳಿಕೊಳ್ಳುವಷ್ಟು ತಗ್ಗಲಿಲ್ಲ. ವಿದ್ಯಾರ್ಥಿಗಳೊಂದಿಗೇ ಮಾತುಕತೆ, ಅಭಿನಯಗಳ ಮೂಲಕ ಮನಸ್ಸಿನ ನೋವು, ಸಹಾಯ ಕೇಳುವ ಬಗೆ ಇವನ್ನು ಚರ್ಚಿಸಿದ ಶಾಲೆಗಳಲ್ಲಿ ಪ್ರಯತ್ನಗಳು ಸುಮಾರು ಅರ್ಧಕ್ಕೆ ಇಳಿದವು. ಮತ್ತೊಂದು ನಿದರ್ಶನ ಅಮೆರಿಕದ ವಾಯುಪಡೆಯದು. ತರಬೇತಿ ವಿಮಾನಗಳ ಸದ್ದಿನ ನಡುವೆಯೇ ಬೆಳೆದ ಬೀದರಿನವರಿಗೆ ವಾಯುಪಡೆಯ ಶಿಸ್ತಿನ ಪರಿಚಯ ಬೇಕಿಲ್ಲ. ಅಂಥ ಕಟ್ಟುನಿಟ್ಟಿನ ಪಡೆಯಲ್ಲಿ 1996ರಿಂದ ಕೆಳಗಿನವರಿಗೆಲ್ಲ ತರಬೇತಿ ನೀಡಿದ್ದರ ಜೊತೆಗೆ, ಸಹಾಯ ಕೇಳುವುದು ಹೇಡಿತನವಲ್ಲವೆಂದು ಮೇಲಿನ ಅಧಿಕಾರಿಗಳೇ ಮತ್ತೆ ಮತ್ತೆ ಸಾರಿದರು. ಆ ಪಡೆಯಲ್ಲಿ ಆತ್ಮಹತ್ಯೆಯ ಅಪಾಯ ಮೂರನೇ ಒಂದು ಭಾಗದಷ್ಟು ಕುಗ್ಗಿತು.

ನಮಗೆ ಇದರಿಂದ ತಿಳಿಯುವುದೇನೆಂದರೆ, ಅಡುಗೆಯ ಅಕ್ಕ ಕಂಡದ್ದನ್ನು ಹೇಳಿದಾಗ ಮೇಲಿನವರು ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ‘ನಿನ್ನ ಕೆಲಸ ನೀ ನೋಡು’ ಎಂದು ಒಮ್ಮೆ ಗದರಿಸಿದರೆ ಆಕೆ ಎರಡನೆಯ ಸಲ ಹೇಳುವುದಿಲ್ಲ. ಈಗ ನಿಲಯಗಳ ಎಷ್ಟೋ ಸಿಬ್ಬಂದಿ ಹೊರಗುತ್ತಿಗೆಯವರು; ನಾಳೆ ಕೆಲಸ ಉಳಿಯುತ್ತದೋ ಇಲ್ಲವೋ ಎಂಬ ಅಳುಕಿನಲ್ಲಿರುವವರಿಂದ ಅಹಿತವಾದ ಸತ್ಯವನ್ನು ನಿರೀಕ್ಷಿಸುವುದು ಸುಲಭವಲ್ಲ. ಸಂಬಳ, ರಜೆ, ಗೌರವ ಇವೂ ಆತ್ಮಹತ್ಯೆ ತಡೆಯ ಭಾಗವೆಂದರೆ ಆಡಳಿತ ಮಂಡಳಿಯವರು ನಗಬಹುದು; ನಾವು ಹಾಗೆಯೇ ನಂಬುತ್ತೇವೆ.

ಎರಡನೆಯದು, ಹೆಸರು ಕೆಡುವ ಭಯ. ಮಗುವೊಂದು ಇಂಥ ಮಾತಾಡಿತೆಂದು ತಿಳಿದ ಕೂಡಲೇ ತಂದೆಯನ್ನು ಕರೆಸಿ, ‘ನಿಮ್ಮ ಹುಡುಗನನ್ನು ಕರೆದುಕೊಂಡು ಹೋಗಿ’ ಎಂದು ಟಿ.ಸಿ. ಕೈಗಿಡುವುದುಂಟು, ಒಬ್ಬನನ್ನೇ ಸಂಜೆಯ ಬಸ್ಸು ಹತ್ತಿಸುವುದೂ ಉಂಟು. ಇದಕ್ಕಿಂತ ಅಪಾಯದ ಕೆಲಸ ಬೇರೊಂದಿಲ್ಲ. ಆ ಒಬ್ಬನಿಗಷ್ಟೇ ಅಲ್ಲ, ಬಾಯಿಬಿಟ್ಟರೆ ನಿಲಯ ಬಿಡಬೇಕಾಗುತ್ತದೆಂದು ನೋಡಿ ಕಲಿತ ಉಳಿದ ಇನ್ನೂರು ಮಕ್ಕಳಿಗೂ. ನೊಂದ ಮಗುವಿನ ಸ್ಥಾನ ನಿಲಯದಲ್ಲಿ ಭದ್ರವೆಂದು ಲಿಖಿತವಾಗಿ ಹೇಳುವ ಧೈರ್ಯ ಮಠದ ಸಂಸ್ಥೆಗಳಿಗೆ ಇರಬೇಕು. ಪೊಲೀಸರ ಭಯವೂ ಹಳೆಯದಾಯಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೆಯ ಕಲಮು, ಪ್ರಯತ್ನಿಸಿದ ವ್ಯಕ್ತಿ ತೀವ್ರ ಒತ್ತಡದಲ್ಲಿದ್ದನೆಂದೇ ಭಾವಿಸಬೇಕೆಂದೂ ಅವನಿಗೆ ಆರೈಕೆ ಒದಗಿಸುವುದು ಸರ್ಕಾರದ ಹೊಣೆಯೆಂದೂ ಹೇಳುತ್ತದೆ. ಪ್ರಯತ್ನವನ್ನೇ ಅಪರಾಧವೆಂದಿದ್ದ ಹಳೆಯ ದಂಡಸಂಹಿತೆಯ 309ನೆಯ ಕಲಮಿಗೆ 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಜಾಗವಿಲ್ಲ. ಆಸ್ಪತ್ರೆಗೆ ಕರೆದೊಯ್ಯಲು ಹಿಂಜರಿಯುವ ಕಾರಣ ಇನ್ನಿಲ್ಲ.

ಅನ್ನ, ಅಕ್ಷರ, ಆಸರೆಗಳನ್ನು ಒಟ್ಟಿಗೆ ಕೊಟ್ಟ ಪರಂಪರೆ ನಮ್ಮದು. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರ ನೆಲವಿದು. ಅಂದಿನ ಮಗುವಿಗೆ ಕೊರತೆಯಿದ್ದದ್ದು ಅನ್ನ ಮತ್ತು ಅಕ್ಷರ. ಇಂದಿನ ಮಗುವಿನ ತಾಟಿನಲ್ಲಿ ಅನ್ನವಿದೆ, ಮೇಜಿನ ಮೇಲೆ ಪುಸ್ತಕದ ರಾಶಿಯಿದೆ. ಹೊಲ ಅಡವಿಟ್ಟು ಶುಲ್ಕ ಕಟ್ಟಿದ ತಂದೆಯ ಮುಖ ಕಣ್ಣ ಮುಂದಿದೆ. ಆ ಮುಖದ ಭಾರವನ್ನು ಯಾರೊಂದಿಗಾದರೂ ಹಂಚಿಕೊಳ್ಳಲು ಅದಕ್ಕೆ ಜನ ಬೇಕಾಗಿದೆ.

ಕೊನೆಗೊಂದು ವ್ಯಾವಹಾರಿಕ ಮಾತು. ಅಪಾಯದ ದಿನಗಳು ಕೆಲವು ನಮಗೆ ಮೊದಲೇ ಗೊತ್ತಿರುತ್ತವೆ. ಎಸ್‌.ಎಸ್‌.ಎಲ್‌.ಸಿ. ಮತ್ತು ದ್ವಿತೀಯ ಪಿ.ಯು.ಸಿ. ಫಲಿತಾಂಶದ ದಿನ, ನೀಟ್ ಫಲಿತಾಂಶದ ದಿನ ನಿಲಯಗಳು ಖಾಲಿ. ಮಕ್ಕಳು ಊರಲ್ಲಿರುತ್ತಾರೆ, ಹಿರಿಯರು ಹೊಲದಲ್ಲಿರುತ್ತಾರೆ, ಮೊಬೈಲು ಮಾತ್ರ ಮಗುವಿನ ಕೈಯಲ್ಲಿರುತ್ತದೆ. ಫಲಿತಾಂಶದ ಹಿಂದಿನ ದಿನವೇ ನಿಲಯಪಾಲಕರು ಮನೆಯವರಿಗೆ ಫೋನು ಮಾಡಿ ‘ನಾಳೆ ಹುಡುಗನನ್ನು ಒಬ್ಬನನ್ನೇ ಬಿಡಬೇಡಿ, ಏನೇ ಬಂದರೂ ಬೈಯಬೇಡಿ’ ಎಂದು ತಿಳಿಸಬೇಕು. ಫಲಿತಾಂಶ ಬಂದ ಗಂಟೆಯೊಳಗೆ, ಅಂಕ ಕಡಿಮೆಯಾದವರಿಗೂ ಅನುತ್ತೀರ್ಣರಾದವರಿಗೂ ಮತ್ತೊಂದು ಕರೆ ಹೋಗಬೇಕು. 2024ರಿಂದ ನಮ್ಮ ರಾಜ್ಯದಲ್ಲಿ ಈ ಎರಡೂ ತರಗತಿಗಳಿಗೆ ಒಂದೇ ವರ್ಷದಲ್ಲಿ ಪರೀಕ್ಷೆ-1, ಪರೀಕ್ಷೆ-2 ನಡೆಯುತ್ತಿವೆ. ಅವುಗಳಲ್ಲಿ ಬಂದ ಉತ್ತಮ ಅಂಕಗಳನ್ನೇ ಉಳಿಸಿಕೊಳ್ಳಬಹುದು. ಪರೀಕ್ಷೆ-2ರ ದಿನಾಂಕ, ಅರ್ಜಿಯ ಕೊನೆಯ ದಿನ, ಅಲ್ಲಿಯವರೆಗೆ ನಿಲಯದ ಬಾಗಿಲು ತೆರೆದೇ ಇರುತ್ತದೆಂಬ ಮಾತು, ಈ ಮೂರನ್ನು ಬರೆದ ಚೀಟಿಯನ್ನು ಎದುರಿಗಿಟ್ಟುಕೊಂಡು ಕರೆ ಮಾಡಬೇಕು. ಆ ಕರೆ ನಿಲಯಪಾಲಕರದೇ ಆಗಬೇಕೆಂದಿಲ್ಲ. ಅಡುಗೆಯ ಅಕ್ಕನ ದನಿಯಾದರೆ ಹುಡುಗ ಬೇಗ ಎತ್ತುತ್ತಾನೆ.